ಸರಿಯಾಗಲಿಲ್ಲ ಅಂತ ಮತ್ತೊಂದು ಸರ್ಜರಿ? ಸ್ವಲ್ಪ ತಡೀರಿ

1/10
ಫ್ರೆಂಡ್ಸ್, ಈ ಸಲದ ಸರಣಿ ಉದ್ದ ಇದೆ. ಫೋಟೋದಲ್ಲಿರೋದು ಸಿಂಧನೂರು ಬಸ್ ಸ್ಟ್ಯಾಂಡ್. ವಿಷಯ ದೇಹದ್ದು, ಆದರೆ ದೇಹದ ಫೋಟೋ ಹಾಕಿಲ್ಲ, ಬೇಕಂತಲೇ. ಬಸ್ ಸ್ಟ್ಯಾಂಡ್ ಯಾಕೆ ಅನ್ನೋದು ಒಂಬತ್ತನೇ ಭಾಗದಲ್ಲಿ ಹೇಳ್ತೀನಿ.

ನೇರವಾಗಿ ಹೇಳಿಬಿಡ್ತೀನಿ. ಸ್ತನದ ಕಾಸ್ಮೆಟಿಕ್ ಸರ್ಜರಿ. ಅದರಲ್ಲೂ, ಮಾಡಿಸಿಕೊಂಡ ಮೇಲೆ "ಅಂದುಕೊಂಡ ಹಾಗೆ ಬರಲಿಲ್ಲ" ಅಂತ ಇನ್ನೊಂದು ಸಲ ಆಪರೇಷನ್‌ಗೆ ಹೊರಡೋದು. ಇದಕ್ಕೆ ರಿವಿಷನ್ ಸರ್ಜರಿ ಅಂತಾರೆ.

ಕೂದಲು ಕಸಿ ಮಾಡಿಸಿಕೊಂಡ ಅಂಕಲ್ ಬಗ್ಗೆ ನಾವು ಮದುವೆ ಮನೆಯಲ್ಲಿ ನಗ್ತಾ ಮಾತಾಡ್ತೀವಿ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡರೆ ಸೆಲ್ಫಿ ಹಾಕ್ತೀವಿ. ಈ ವಿಷಯ ಬಂದಾಗ ಮಾತ್ರ ಒಂದೋ ಪಿಸುಮಾತು, ಇಲ್ಲಾ ಕೆಟ್ಟ ಜೋಕು. ನಡುವೆ ಏನೂ ಇಲ್ಲ. ಆ ನಡುವಿನ ಜಾಗ ಖಾಲಿ ಇರೋದಕ್ಕೇ ರೀಲ್ಸ್‌ನ ಜಾಹೀರಾತು ಬಂದು ಕೂತಿದೆ. "ನೋ ಕಾಸ್ಟ್ ಇಎಂಐ", "ಒಂದೇ ದಿನದಲ್ಲಿ ಮನೆಗೆ", ಬಿಫೋರ್ ಆಫ್ಟರ್ ಫೋಟೋ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಹತ್ತು ಭಾಗ ಓದೋಕೆ ಟೈಮ್ ಇಲ್ಲದವರಿಗೆ: ಎರಡನೇ ಆಪರೇಷನ್ ಅಂದರೆ ಮೊದಲನೆಯದರ ರಿಪೇರಿ ಅಲ್ಲ. ಅದು ಹೊಸ ಆಪರೇಷನ್. ಹೊಸ ಅರಿವಳಿಕೆ, ಹೊಸ ಗಾಯ, ಹೊಸ ಖರ್ಚು, ಹೊಸ ಅಪಾಯ. ಹಾಗಾಗಿ ಅದನ್ನ ಹೊಸ ನಿರ್ಧಾರ ಅಂತಲೇ ನೋಡಬೇಕು, ಮತ್ತು ಒಬ್ಬರೇ ಕೂತು ಆ ನಿರ್ಧಾರ ಮಾಡಬಾರದು.

ನಾನು ಡಾಕ್ಟರ್ ಅಲ್ಲ, ಬಿಕಾಂ. ಆದರೆ ಲೆಕ್ಕ, ಕಾಗದಪತ್ರ, ಹಕ್ಕು ಇವು ನಮ್ಮ ಸಬ್ಜೆಕ್ಟೇ ಅಲ್ವಾ?

2/10
ಮೊದಲು ಇದು ಏನು ಅಂತ ತಿಳ್ಕೊಳ್ಳೋಣ. ಹುಡುಗರೂ ಓದಿ, ನಿಮಗೂ ಅಕ್ಕ ತಂಗಿ ಇದ್ದಾರೆ, ನಾಳೆ ಹೆಂಡತಿ ಬರ್ತಾಳೆ.

ಮಕ್ಕಳಾಗಿ ಹಾಲು ಕುಡಿಸಿದ ಮೇಲೆ, ತೂಕ ಜಾಸ್ತಿ ಆಗಿ ಇಳಿದ ಮೇಲೆ, ವಯಸ್ಸಾದಂತೆ, ಸ್ತನ ಇಳಿಬೀಳೋದು ಸಹಜ. ರೋಗ ಅಲ್ಲ. ಅದನ್ನ ಮೇಲೆತ್ತೋ ಆಪರೇಷನ್‌ಗೆ ಲಿಫ್ಟ್ ಅಂತಾರೆ. ಹೆಚ್ಚಾದ ಚರ್ಮ ತೆಗೆದು, ಮೊಲೆತೊಟ್ಟನ್ನ ಮೇಲಕ್ಕೆ ಕೂರಿಸಿ ಹೊಲೀತಾರೆ. ಗಾತ್ರ ಹೆಚ್ಚಬೇಕು ಅಂದರೆ ಒಳಗೆ ಇಂಪ್ಲಾಂಟ್ ಇಡ್ತಾರೆ. ಅದು ಸಿಲಿಕೋನ್ ಚೀಲ, ಒಳಗೆ ಸಿಲಿಕೋನ್ ಜೆಲ್ ಅಥವಾ ಉಪ್ಪುನೀರು ಇರುತ್ತೆ.

ಬಹಳ ಜನ ಎರಡನ್ನೂ ಒಂದೇ ಸಲ ಮಾಡಿಸ್ತಾರೆ. ಸಮಸ್ಯೆ ಶುರುವಾಗೋದು ಇಲ್ಲೇ. ಲಿಫ್ಟ್ ಚರ್ಮವನ್ನ ಬಿಗಿ ಮಾಡುತ್ತೆ. ಇಂಪ್ಲಾಂಟ್ ಒಳಗಿನಿಂದ ಅದೇ ಚರ್ಮವನ್ನ ತಳ್ಳುತ್ತೆ, ಭಾರ ಹಾಕುತ್ತೆ. ನಮ್ಮೂರ ಟೇಲರ್ ಅಕ್ಕನ್ನ ಕೇಳಿ: ಬ್ಲೌಸ್ ಬಿಗಿ ಮಾಡು, ಹಾಗೇ ಒಳಗೆ ದಪ್ಪ ಪ್ಯಾಡ್ ಕೂಡ ಹಾಕು ಅಂದರೆ ಹೊಲಿಗೆ ಎಲ್ಲಿ ಎಳೆಯುತ್ತೆ ಅಂತ ಅವರೇ ಹೇಳ್ತಾರೆ. ಬಟ್ಟೆ ಆದರೆ ಬಿಚ್ಚಿ ಹೊಲೀಬಹುದು. ಇದು ಚರ್ಮ, ಅದರೊಳಗೆ ರಕ್ತ ಓಡಾಡ್ತಿರುತ್ತೆ. ಅದಕ್ಕೇ ಎರಡನ್ನೂ ಸೇರಿಸಿ ಮಾಡಿದಾಗ ಮತ್ತೆ ಆಪರೇಷನ್ ಬೇಕಾಗೋ ಸಾಧ್ಯತೆ, ಒಂದೊಂದನ್ನೇ ಮಾಡಿದ್ದಕ್ಕಿಂತ ಹೆಚ್ಚು ಅಂತ ಪ್ಲಾಸ್ಟಿಕ್ ಸರ್ಜನ್‌ಗಳೇ ಹೇಳ್ತಾರೆ.

ಅತೃಪ್ತಿ ಯಾವ ಯಾವ ರೂಪದಲ್ಲಿ ಬರುತ್ತೆ? ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಇಂಪ್ಲಾಂಟ್ ಜಾರಿ ಕೆಳಗೆ ಇಳಿಯೋದು. ಚರ್ಮದ ಮೇಲೆ ಅಲೆ ಅಲೆ ಕಾಣೋದು. ಗಾಯದ ಕಲೆ ದಪ್ಪ ಆಗಿ ಉಬ್ಬೋದು, ನಮ್ಮಂಥ ಕಪ್ಪು, ಗೋಧಿ ಬಣ್ಣದವರಲ್ಲಿ ಇದು ಹೆಚ್ಚು. ತೊಟ್ಟಿನ ಸ್ಪರ್ಶ ಕಡಿಮೆ ಆಗೋದು. ಸ್ತನ ಗಟ್ಟಿಯಾಗೋದು. ಇಲ್ಲಾ, ಇದ್ಯಾವುದೂ ಇಲ್ಲದೆ "ಫೋಟೋದಲ್ಲಿ ತೋರಿಸಿದ ಹಾಗೆ ಇಲ್ಲ" ಅನ್ನೋದು.

3/10
ಇದನ್ನೆಲ್ಲ ನಾನು ಯಾಕೆ ಓದಿದೆ ಅಂದರೆ, ನಮ್ಮ ಸಂಬಂಧಿಕರಲ್ಲಿ ಒಬ್ಬ ಅಕ್ಕ ಇದ್ದಾಳೆ. ಅವಳನ್ನ ಕೇಳಿಯೇ ಬರೀತಿದೀನಿ. ಹೆಸರು ಹೇಳಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರರಲ್ಲಿ ಯಾವ ತಾಲ್ಲೂಕು ಅಂತಾನೂ ಹೇಳಲ್ಲ. ಹುಡುಕೋಕೆ ಹೋಗಬೇಡಿ, ಪ್ಲೀಸ್.

ವಯಸ್ಸು ಮೂವತ್ತು ದಾಟಿದೆ, ಇಬ್ಬರು ಮಕ್ಕಳು. ಭತ್ತ ಮಾರಿದ ರೊಕ್ಕದಲ್ಲಿ ಸ್ವಲ್ಪ, ಉಳಿದದ್ದು ಸಾಲ. ದೊಡ್ಡ ಊರಿನ ಒಂದು ಕ್ಲಿನಿಕ್‌ನಲ್ಲಿ ಲಿಫ್ಟ್ ಮತ್ತು ಇಂಪ್ಲಾಂಟ್ ಎರಡೂ ಒಂದೇ ಸಲ. ಗಂಡನಿಗೆ ಗೊತ್ತು. ಅತ್ತೆಗೆ "ಗಂಟು ಇತ್ತು, ತೆಗೆಸಿದ್ವಿ" ಅಂತ ಹೇಳಿದ್ದಾರೆ.

ಐದು ತಿಂಗಳಾಯ್ತು. ಒಂದು ಕಡೆ ಎತ್ತರ ಕಾಣುತ್ತೆ. ಕೆಳಗಿನ ಹೊಲಿಗೆ ಕಲೆ ಕೆಂಪಾಗಿ ಉಬ್ಬಿದೆ. ಅವಳು ಕ್ಲಿನಿಕ್‌ಗೆ ಫೋಟೋ ಕಳಿಸಿದಳು. ವಾಟ್ಸಾಪ್‌ನಲ್ಲೇ ಉತ್ತರ ಬಂತು: ಬನ್ನಿ, ರಿವಿಷನ್ ಮಾಡೋಣ, ನಿಮಗೆ ಅರ್ಧ ದರ, ಈ ತಿಂಗಳೊಳಗೆ ಬುಕ್ ಮಾಡಿ.

ಅಕ್ಕ ನನ್ನ ಹತ್ರ ಬಂದಿದ್ದು ದೇಹದ ಬಗ್ಗೆ ಕೇಳೋಕಲ್ಲ. "ನೀ ಬಿಕಾಂ ಓದಾಕತ್ತಿ ಅಲ್ಲ, ಇನ್ನೊಂದ್ ಲೋನ್ ತಗೊಂಡ್ರ ತಿಂಗಳಿಗೆ ಎಷ್ಟು ಬೀಳ್ತದ ಲೆಕ್ಕ ಹಾಕಿ ಕೊಡವಾ" ಅಂದಳು. ಯಾಕ್ಕಾ ಅಂತ ಕೇಳಿದಾಗ ಹತ್ತು ನಿಮಿಷ ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಇಷ್ಟು ರೊಕ್ಕ ಹಾಕೀನಿ. ಹಿಂಗ ಬಿಟ್ರ ಎಲ್ಲಾ ನೀರಾಗ ಹೋದಂಗ."

ಆ ಕೊನೇ ಮಾತು ಇದೆಯಲ್ಲ, ಅದಕ್ಕೇ ಈ ಸರಣಿ. ಎಷ್ಟೋ ಜನರನ್ನ ಎರಡನೇ ಸಲ ಟೇಬಲ್ ಮೇಲೆ ಮಲಗಿಸೋದು ನೋವಲ್ಲ, ಆ ಮಾತು.

4/10
ಮೊದಲನೇ ಪ್ರಶ್ನೆ: ಈಗಲೇ ಯಾಕೆ?

ಐದು ತಿಂಗಳಿಗೆ ಕಾಣೋದು ಅಂತಿಮ ಫಲಿತಾಂಶ ಅಲ್ಲ. ಆಪರೇಷನ್ ಆದ ಹೊಸದರಲ್ಲಿ ಊತ ಇರುತ್ತೆ, ಇಂಪ್ಲಾಂಟ್ ಸ್ವಲ್ಪ ಎತ್ತರದಲ್ಲಿ ಕೂತಿರುತ್ತೆ. ತಿಂಗಳುಗಳು ಕಳೆದಂತೆ ಸ್ನಾಯು, ಚರ್ಮ ಸಡಿಲ ಆಗಿ ಅದು ಕೆಳಗೆ ಬಂದು ಕೂರುತ್ತೆ. ಎರಡೂ ಕಡೆ ಒಂದೇ ವೇಗದಲ್ಲಿ ಕೂರಬೇಕು ಅಂತೇನಿಲ್ಲ. ಗಾಯದ ಕಲೆ ಮೊದಲ ತಿಂಗಳುಗಳಲ್ಲಿ ಕೆಂಪಾಗಿ, ಗಟ್ಟಿಯಾಗಿ ಇದ್ದು ಆಮೇಲೆ ನಿಧಾನಕ್ಕೆ ಮೆತ್ತಗಾಗುತ್ತೆ. ಒಂದು ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು ಬೇಕು. ಆಕಾರದ ದೂರು ಮಾತ್ರ ಇದ್ದರೆ ಸಾಮಾನ್ಯವಾಗಿ ಸರ್ಜನ್‌ಗಳು ಕನಿಷ್ಠ ಆರು ತಿಂಗಳು, ಬಹಳ ಸಲ ಒಂದು ವರ್ಷ ಕಾಯೋಕೆ ಹೇಳೋದು ಇದಕ್ಕೇ. ಇನ್ನೂ ಮಾಯದ ಅಂಗಾಂಶದ ಮೇಲೆ ಮತ್ತೆ ಕತ್ತರಿ ಹಾಕಿದರೆ, ಯಾವುದು ಊತ, ಯಾವುದು ನಿಜವಾದ ಆಕಾರ ಅಂತ ಅವರಿಗೇ ಅಂದಾಜು ಸಿಗಲ್ಲ.

ಆದರೆ ಗಮನ ಇರಲಿ. ಕೆಲವಕ್ಕೆ ಕಾಯಲೇಬಾರದು:
• ಜ್ವರ, ಕೀವು, ಹೊಲಿಗೆ ಬಿಚ್ಚಿಕೊಳ್ಳೋದು
• ಒಂದು ಕಡೆ ದಿಢೀರ್ ಊದಿಕೊಳ್ಳೋದು, ತಡೆಯಲಾಗದ ನೋವು
• ಚರ್ಮ ಅಥವಾ ತೊಟ್ಟು ಕಪ್ಪಾಗೋದು
• ಕಾಲಿನ ಮೀನಖಂಡ ಊದೋದು, ಉಸಿರಾಟಕ್ಕೆ ತೊಂದರೆ
• ವರ್ಷಗಳಾದ ಮೇಲೆ ಒಂದು ಕಡೆ ಊತ, ಗಂಟು, ಆಕಾರ ಬದಲಾಗೋದು

ಇವು ಬಂದರೆ ಕ್ಲಿನಿಕ್‌ನ ವಾಟ್ಸಾಪ್‌ಗೆ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ, "ಇಂಪ್ಲಾಂಟ್ ಇದೆ" ಅಂತ ಬಾಯಿಬಿಟ್ಟು ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ಡಾಕ್ಟರ್ ಬೇರೆ ಕಾಯಿಲೆ ಹುಡುಕ್ತಾ ಕೂರ್ತಾರೆ.

ಇವೇನೂ ಇಲ್ಲ, ಬರೀ ಆಕಾರದ ಬೇಸರ ಅಂದರೆ, ಕ್ಯಾಲೆಂಡರ್ ನಿಮ್ಮ ಪರವಾಗಿದೆ. "ಈ ತಿಂಗಳೊಳಗೆ" ಅನ್ನೋದು ಸೇಲ್ಸ್ ಭಾಷೆ. ಸಂಕ್ರಾಂತಿ ಸೀರೆ ಆಫರ್‌ಗೆ ಅದು ಸರಿ.

5/10
ಎರಡನೇ ಪ್ರಶ್ನೆ: ಬೇಸರ ನಿಜವಾಗಿ ಎಲ್ಲಿದೆ?

ಅಕ್ಕನಿಗೆ ನಾನು ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿಕೊಟ್ಟೆ.

ಒಂದು, ದೇಹದ ತೊಂದರೆ. ಇಂಪ್ಲಾಂಟ್ ಸುತ್ತ ನಮ್ಮ ದೇಹ ಒಂದು ಪೊರೆ ಕಟ್ಟುತ್ತೆ, ಅದು ಎಲ್ಲರಿಗೂ ಆಗೋದೇ. ಕೆಲವರಲ್ಲಿ ಆ ಪೊರೆ ಬಿಗಿದು ಇಂಪ್ಲಾಂಟನ್ನ ಹಿಂಡುತ್ತೆ. ಆಗ ಸ್ತನ ಕಲ್ಲಿನ ಹಾಗೆ ಗಟ್ಟಿಯಾಗಿ ನೋಯುತ್ತೆ. ಇದನ್ನ ನಾಲ್ಕು ಹಂತಗಳಲ್ಲಿ ಅಳೀತಾರೆ. ಮೊದಲ ಹಂತದಲ್ಲಿ ಸ್ತನ ಮೆತ್ತಗೇ ಇರುತ್ತೆ, ನಾಲ್ಕನೇದರಲ್ಲಿ ನೋವು, ಆಕಾರ ಎರಡೂ ಕೆಟ್ಟಿರುತ್ತೆ. ಇಂಪ್ಲಾಂಟ್ ಒಡೆಯೋದು, ತಿರುಗೋದು, ಸೋಂಕು ಇವೂ ಈ ಕಾಲಂಗೇ ಬರ್ತವೆ. ಇಲ್ಲಿ ಚಿಕಿತ್ಸೆ ಬೇಕು, ವಾದವಿಲ್ಲ.

ಎರಡು, ಕೆಲಸದ ಕೊರತೆ. ಎತ್ತರ ತಗ್ಗು, ಜಾರಿದ್ದು, ಕಲೆ. ಇಲ್ಲಿ ಆಪರೇಷನ್‌ಗೆ ಮುಂಚಿನ ಫೋಟೋ ತೆಗೆದು ನೋಡಬೇಕು. ಯಾರ ಎದೆಯೂ ಎರಡು ಕಡೆ ಒಂದೇ ಅಚ್ಚಲ್ಲ. ಮೊದಲು ಗಮನಿಸದೇ ಇದ್ದ ವ್ಯತ್ಯಾಸ, ದಿನಾ ಕನ್ನಡಿ ನೋಡೋಕೆ ಶುರು ಮಾಡಿದ ಮೇಲೆ ಕಾಣುತ್ತೆ. ಕಲೆ ಮಾತ್ರ ಇದ್ದರೆ ಸಿಲಿಕೋನ್ ಶೀಟ್, ಇಂಜೆಕ್ಷನ್ ಥರದ ಚಿಕಿತ್ಸೆ ಇವೆ, ಎಲ್ಲಕ್ಕೂ ಕತ್ತರಿ ಬೇಡ.

ಮೂರು, ನಿರೀಕ್ಷೆ. "ಮದುವೆಗೆ ಮುಂಚಿನ ಹಾಗೆ", "ಆ ನಟಿಯ ಹಾಗೆ", "ಗಂಡ ಮತ್ತೆ ನೋಡೋ ಹಾಗೆ". ಈ ಕಾಲಂ ತುಂಬಿದ್ದರೆ ಎರಡನೇ ಆಪರೇಷನ್ ಎಷ್ಟೇ ಚೆನ್ನಾಗಿ ಆದರೂ ಇದು ಖಾಲಿ ಆಗಲ್ಲ.

ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ಮುಂದೆ, ಹೊರಗೆ ಹೋಗೋಕೆ ಮನಸ್ಸಿಲ್ಲ, ಬೇರೆಯವರಿಗೆ ಕಾಣದ ದೋಷ ನಮಗೆ ಮಾತ್ರ ಬೆಟ್ಟದಂತೆ ಕಾಣೋದು, ಇದಕ್ಕೆ ಮನೋವೈದ್ಯಕೀಯದಲ್ಲಿ ಹೆಸರೂ ಇದೆ, ಚಿಕಿತ್ಸೆಯೂ ಇದೆ. ಟೆಲಿ ಮಾನಸ್ ಸಹಾಯವಾಣಿ 14416. ಉಚಿತ, ಕನ್ನಡದಲ್ಲೂ ಮಾತಾಡಬಹುದು. ಫೋನ್ ಮಾಡಿದರೆ ಹುಚ್ಚು ಅಂತ ಅರ್ಥ ಅಲ್ಲ.

6/10
ಈಗ ನಮ್ಮ ಸಬ್ಜೆಕ್ಟ್. ಕಾಸ್ಟಿಂಗ್ ಕ್ಲಾಸಲ್ಲಿ ಸಂಕ್ ಕಾಸ್ಟ್ ಓದಿದ್ದು ನೆನಪಿದೆಯಾ? ಆಗಲೇ ಖರ್ಚಾಗಿ, ಏನು ಮಾಡಿದರೂ ವಾಪಸ್ ಬರದ ರೊಕ್ಕ. ಮುಂದಿನ ನಿರ್ಧಾರದಲ್ಲಿ ಅದನ್ನ ಸೇರಿಸಬಾರದು ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೋತೀವಿ, ಜೀವನದಲ್ಲಿ ಮರೀತೀವಿ. ಅಕ್ಕ ಮೊದಲು ಹಾಕಿದ್ದು ಹೋಯ್ತು. ಈಗಿರೋ ಪ್ರಶ್ನೆ ಒಂದೇ: ಇವತ್ತಿನಿಂದ ಮುಂದಕ್ಕೆ ಹಾಕೋ ರೊಕ್ಕಕ್ಕೆ ಮತ್ತು ನೋವಿಗೆ ಏನು ಸಿಗುತ್ತೆ?

ಲೆಕ್ಕ ನೋಡಿ. ಉದಾಹರಣೆಗೆ 2 ಲಕ್ಷ ಸಾಲ, ವರ್ಷಕ್ಕೆ ಶೇ. 16 ಬಡ್ಡಿ, 24 ಕಂತು. ತಿಂಗಳಿಗೆ ಸುಮಾರು 9,800 ರೂಪಾಯಿ. ಒಟ್ಟು ಕಟ್ಟೋದು ಸುಮಾರು 2,35,000. ಇದಕ್ಕೆ ಬಸ್ ಚಾರ್ಜ್, ಲಾಡ್ಜ್, ಜೊತೆಗೆ ಬರೋರ ಕೂಲಿ, ಮಕ್ಕಳನ್ನ ನೋಡ್ಕೊಳ್ಳೋರು, ಡ್ರೆಸ್ಸಿಂಗ್‌ಗೆ ಮತ್ತೆ ಮತ್ತೆ ಓಡಾಟ ಸೇರಿಸಿ.

"ಅರ್ಧ ದರ" ಅಂದರೆ ಯಾವುದರ ಅರ್ಧ ಅಂತ ಬರಹದಲ್ಲಿ ಕೇಳಿ. ಎಷ್ಟೋ ಸಲ "ರಿವಿಷನ್ ಫ್ರೀ" ಅನ್ನೋದು ಸರ್ಜನ್ ಫೀಸ್ ಮಾತ್ರ. ಆಪರೇಷನ್ ಥಿಯೇಟರ್, ಅರಿವಳಿಕೆ ಡಾಕ್ಟರ್, ಹೊಸ ಇಂಪ್ಲಾಂಟ್ ಎಲ್ಲ ಬೇರೆ ಬಿಲ್.

ಇನ್ಶೂರೆನ್ಸ್ ಇದೆ ಅಂತೀರಾ? ಹೆಲ್ತ್ ಪಾಲಿಸಿ ಕಾಗದದಲ್ಲಿ ಎಕ್ಸ್‌ಸಿಎಲ್ 08 ಅನ್ನೋ ಕೋಡ್ ಹುಡುಕಿ. ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿ ಹೊರಗೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುನಿರ್ಮಾಣ ಅಥವಾ ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆ ಆದರೆ ಮಾತ್ರ ಒಳಗೆ. ಜಿಎಸ್‌ಟಿ ಕೂಡ ಹಾಗೇ. ಆರೋಗ್ಯ ಸೇವೆಗೆ ವಿನಾಯಿತಿ ಇದೆ, ಅಂದಕ್ಕಾಗಿ ಮಾಡಿಸೋ ಸರ್ಜರಿಗೆ ಇಲ್ಲ. ಹುಟ್ಟಿನ ದೋಷ, ಬೆಳವಣಿಗೆಯ ದೋಷ, ಗಾಯ ಸರಿಪಡಿಸೋದಕ್ಕೆ ಮಾತ್ರ ವಿನಾಯಿತಿ.

ಇನ್ನೊಂದು ಲೆಕ್ಕ ಯಾರೂ ಹೇಳಲ್ಲ. ಇಂಪ್ಲಾಂಟ್ ಜೀವನಪೂರ್ತಿ ಬರೋ ವಸ್ತು ಅಲ್ಲ. ಅಮೆರಿಕದ ಎಫ್‌ಡಿಎ ಇದನ್ನ ಸ್ಪಷ್ಟವಾಗಿ ಹೇಳುತ್ತೆ: ಎಷ್ಟು ವರ್ಷ ಒಳಗಿದ್ದರೆ ಅಷ್ಟು ತೊಂದರೆಯ ಸಾಧ್ಯತೆ ಹೆಚ್ಚು. ಸಿಲಿಕೋನ್ ಜೆಲ್ ಇದ್ದರೆ 5-6 ವರ್ಷಕ್ಕೆ ಒಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್, ಆಮೇಲೆ 2-3 ವರ್ಷಕ್ಕೊಮ್ಮೆ ಮಾಡಿಸಿ ಅನ್ನುತ್ತೆ. ಇಪ್ಪತ್ತಕ್ಕೆ ಹಾಕಿಸಿಕೊಂಡವಳು ಅರವತ್ತರವರೆಗೆ ಎಷ್ಟು ಸಲ? ಬೈಕ್ ತಗೊಂಡಾಗ ಸರ್ವಿಸಿಂಗ್ ಖರ್ಚು ಕೇಳ್ತೀವಿ, ಇಲ್ಲಿ ಕೇಳಲ್ಲ.

7/10
"ಕಂಪನಿ ಚೆನ್ನಾಗಿದೆ ಅಂದ್ರು" ಅನ್ನೋ ಮಾತಿಗೆ ಸ್ವಲ್ಪ ಇತಿಹಾಸ.

ಸಿಲಿಕೋನ್ ಇಂಪ್ಲಾಂಟ್ ಮೊದಲು ಹಾಕಿಸಿಕೊಂಡ ಮಹಿಳೆ ಅಮೆರಿಕದ ಟಿಮ್ಮಿ ಜೀನ್ ಲಿಂಡ್ಸೆ. 1962, ಟೆಕ್ಸಾಸ್‌ನ ಹ್ಯೂಸ್ಟನ್. ಅವರು ಆಸ್ಪತ್ರೆಗೆ ಹೋಗಿದ್ದು ಎದೆ ಮೇಲಿನ ಹಚ್ಚೆ ತೆಗೆಸೋಕೆ. ಡಾಕ್ಟರ್‌ಗಳು ಇಂಪ್ಲಾಂಟ್ ಹಾಕೋಣವಾ ಅಂತ ಕೇಳಿದರು. ಅವರಿಗೆ ನಿಜವಾಗಿ ಬೇಕಿದ್ದದ್ದು ಕಿವಿ ಸರಿಪಡಿಸೋದು, ಅದನ್ನೂ ಮಾಡಿಕೊಡ್ತೀವಿ ಅಂದ ಮೇಲೆ ಒಪ್ಪಿದರು. ಅಂದರೆ ಮೊದಲ ದಿನದಿಂದಲೇ "ನನಗೆ ಬೇಕು" ಮತ್ತು "ನಿಮಗೆ ಹಾಕೋಣ" ಇವೆರಡೂ ಕಲಸಿಹೋಗಿವೆ.

1992ರಲ್ಲಿ ಅಮೆರಿಕ ಸಿಲಿಕೋನ್ ಜೆಲ್ ಇಂಪ್ಲಾಂಟನ್ನ ಅಂದದ ಸರ್ಜರಿಗೆ ಬಳಸೋದು ನಿಲ್ಲಿಸಿತು. 2006ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟಿತು. 2010ರಲ್ಲಿ ಫ್ರಾನ್ಸ್‌ನ ಪಿಐಪಿ ಕಂಪನಿ ವೈದ್ಯಕೀಯ ದರ್ಜೆ ಅಲ್ಲದ, ಕೈಗಾರಿಕೆಗೆ ಬಳಸೋ ಸಿಲಿಕೋನ್ ತುಂಬ್ತಿದ್ದದ್ದು ಬಯಲಾಯ್ತು. ಜಗತ್ತಿನಲ್ಲಿ ಲಕ್ಷಾಂತರ ಹೆಂಗಸರ ದೇಹದಲ್ಲಿ ಅದು ಇತ್ತು. 2011ರ ಕೊನೆಗೆ ಫ್ರಾನ್ಸ್ ಸರ್ಕಾರ ತನ್ನ ಸುಮಾರು 30,000 ಮಹಿಳೆಯರಿಗೆ ತೆಗೆಸಿಕೊಳ್ಳಿ ಅಂತ ಸಲಹೆ ಕೊಟ್ಟಿತು. ಕಂಪನಿ ಸ್ಥಾಪಕನಿಗೆ 2013ರಲ್ಲಿ ನಾಲ್ಕು ವರ್ಷ ಜೈಲು ಶಿಕ್ಷೆ ಆಯ್ತು. 2019ರಲ್ಲಿ ಒರಟು ಮೇಲ್ಮೈಯ ಬಯೋಸೆಲ್ ಇಂಪ್ಲಾಂಟ್‌ಗಳನ್ನ ಅಲರ್ಗಾನ್ ಕಂಪನಿ ವಾಪಸ್ ಪಡೆಯಿತು, ಒಂದು ಅಪರೂಪದ ಲಿಂಫೋಮಾ ಕ್ಯಾನ್ಸರ್ ಜೊತೆ ಸಂಬಂಧ ಕಂಡ ಕಾರಣಕ್ಕೆ. 2021ರಲ್ಲಿ ಎಫ್‌ಡಿಎ, ಹಾಕೋ ಮುಂಚೆ ಅಪಾಯಗಳ ಪಟ್ಟಿಯನ್ನ ರೋಗಿಗೆ ತೋರಿಸಿ ಸಹಿ ಪಡೀಬೇಕು ಅಂತ ನಿಯಮ ಮಾಡಿತು.

ಹೆದರಿಸೋಕೆ ಹೇಳ್ತಿಲ್ಲ. ಸ್ತನ ಕ್ಯಾನ್ಸರ್ ಆಪರೇಷನ್ ಆದವರಿಗೆ ಇದೇ ಇಂಪ್ಲಾಂಟ್ ಬದುಕಿನ ಧೈರ್ಯ ಕೊಟ್ಟಿರೋದೂ ಉಂಟು. ನಾನು ಹೇಳೋದು ಒಂದು ಕಾರ್ಡ್ ಬಗ್ಗೆ. ಪ್ರತಿ ಇಂಪ್ಲಾಂಟ್‌ಗೂ ಕಂಪನಿ, ಮಾದರಿ, ಗಾತ್ರ, ಸೀರಿಯಲ್ ನಂಬರ್ ಇರುತ್ತೆ. ಅದರ ಸ್ಟಿಕ್ಕರ್ ಅಥವಾ ಕಾರ್ಡ್ ನಿಮ್ಮ ಹತ್ರ ಇರಬೇಕು. ನಾಳೆ ಯಾವುದೋ ಮಾದರಿ ವಾಪಸ್ ಪಡೆದರೆ, ನಿಮ್ಮ ಒಳಗಿರೋದು ಅದೇನಾ ಅಂತ ಹೇಳೋಕೆ ಬೇರೆ ದಾರಿ ಇಲ್ಲ. ಅಕ್ಕನ ಹತ್ರ ಫ್ರಿಜ್ಜಿನ ವಾರಂಟಿ ಕಾರ್ಡ್ ಇತ್ತು, ಇದರದ್ದು ಇರಲಿಲ್ಲ. ಈಗ ಕೇಳಿ ತರಿಸಿಕೊಂಡಿದ್ದಾಳೆ.

8/10
ಎರಡನೇ ಸಲ ಹೋಗೋ ಮುಂಚೆ ಕಾಗದ ಮತ್ತು ಪ್ರಶ್ನೆ.

ಕಾಗದ: ಡಿಸ್ಚಾರ್ಜ್ ಸಮ್ಮರಿ ಸಾಕಾಗಲ್ಲ. ಆಪರೇಷನ್ ನೋಟ್ ಬೇಕು. ಯಾಕೆ ಗೊತ್ತಾ? ಲಿಫ್ಟ್ ಮಾಡುವಾಗ ಮೊಲೆತೊಟ್ಟಿಗೆ ರಕ್ತ ಹೋಗೋ ಒಂದು ದಿಕ್ಕನ್ನ ಸರ್ಜನ್ ಉಳಿಸಿಕೊಂಡಿರ್ತಾರೆ. ಎರಡನೇ ಸರ್ಜನ್‌ಗೆ ಅದು ಯಾವ ದಿಕ್ಕು ಅಂತ ಗೊತ್ತಿಲ್ಲದೆ ಕತ್ತರಿಸಿದರೆ ರಕ್ತ ನಿಂತು ತೊಟ್ಟೇ ಹಾಳಾಗಬಹುದು. ರಿವಿಷನ್ ಕಷ್ಟ ಅನ್ನೋದು ಇದಕ್ಕೇ. ದಾಖಲೆ ಕೇಳೋದು ಜಗಳ ಅಲ್ಲ, ಹಕ್ಕು. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ 2002ರ ವೈದ್ಯಕೀಯ ನಡವಳಿಕೆ ನಿಯಮದಲ್ಲೇ ಇದೆ. ಅರ್ಜಿ ಬರೆದು ಕೊಡಿ, ನಕಲು ಇಟ್ಕೊಳ್ಳಿ.

ಯಾರು: ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಆಗಿರೋರು. ಬೋರ್ಡ್ ಮೇಲೆ "ಕಾಸ್ಮೆಟಾಲಜಿಸ್ಟ್", "ಏಸ್ತೆಟಿಕ್ ಎಕ್ಸ್‌ಪರ್ಟ್" ಅಂತಿದ್ದರೆ ಡಿಗ್ರಿ ಕೇಳಿ. ಮತ್ತು ಎರಡನೇ ಅಭಿಪ್ರಾಯವನ್ನ ಮೊದಲ ಕ್ಲಿನಿಕ್‌ಗೆ ಸಂಬಂಧ ಇಲ್ಲದವರ ಹತ್ರ ತಗೊಳ್ಳಿ.

ಕೇಳಬೇಕಾದ ಪ್ರಶ್ನೆ:
• ಏನೂ ಮಾಡದೆ ಬಿಟ್ಟರೆ ಏನಾಗುತ್ತೆ?
• ಒಟ್ಟಿಗೆ ತೆಗೆದೇ ಬಿಟ್ಟರೆ ಹೇಗೆ ಕಾಣುತ್ತೆ?
• ಮೊದಲನೇದು ಯಾಕೆ ಹೀಗಾಯ್ತು? ಕಾರಣ ಹೇಳದವರು ಪರಿಹಾರ ಹೇಗೆ ಕೊಡ್ತಾರೆ?
• ತುರ್ತು ಆದರೆ ಐಸಿಯು ಇದೆಯಾ? ಅರಿವಳಿಕೆ ಡಾಕ್ಟರ್ ಯಾರು?
• ಮುಂದೆ ಮಗು, ಹಾಲುಣಿಸೋದು ಇದ್ದರೆ?
• ಮೂರನೇ ಸಲ ಬೇಕಾದರೆ?

ಸಹಿ: ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ: ಒಂದು ಕೆಲಸಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಒಪ್ಪಿಗೆ ಆಗಲ್ಲ, ಅಪಾಯ ಮತ್ತು ಬೇರೆ ದಾರಿಗಳನ್ನ ರೋಗಿಗೆ ಮೊದಲೇ ತಿಳಿಸಿರಬೇಕು. ಇಂಗ್ಲಿಷ್ ಫಾರಂ ಅರ್ಥ ಆಗದಿದ್ದರೆ ಕನ್ನಡದಲ್ಲಿ ಓದಿ ಹೇಳಿ ಅನ್ನಿ.

ದೂರು: ಇಷ್ಟ ಆಗಲಿಲ್ಲ ಅಂದ ಮಾತ್ರಕ್ಕೆ ಅದು ನಿರ್ಲಕ್ಷ್ಯ ಅಲ್ಲ, ಇದು ನೆನಪಿರಲಿ. ನಿಜವಾದ ನಿರ್ಲಕ್ಷ್ಯ ಇದ್ದರೆ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ರೊಕ್ಕ ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನಮಗೆ ರಾಯಚೂರಿನಲ್ಲೇ ಜಿಲ್ಲಾ ಆಯೋಗ ಇದೆ.

9/10
ಈಗ ಬಸ್ ಸ್ಟ್ಯಾಂಡ್.

ಸಂಜೆ ಇಲ್ಲಿಂದ ಬೆಂಗಳೂರು, ಹೈದರಾಬಾದ್ ಬಸ್ ಹೊರಡ್ತವೆ. ಮಡಿಲಲ್ಲಿ ಎಕ್ಸ್‌ರೇ ಕವರ್ ಇಟ್ಕೊಂಡು ಕೂತಿರೋರನ್ನ ನೀವೂ ನೋಡಿರ್ತೀರಿ. ನಮ್ಮ ಕಡೆ ದೊಡ್ಡ ಚಿಕಿತ್ಸೆ ಅಂದರೆ ರಾತ್ರಿ ಬಸ್. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು, ಯಾಕೆ ಅಂತ ನಮಗೆ ಯಾರೂ ವಿವರಿಸಬೇಕಿಲ್ಲ. ಕಾಸ್ಮೆಟಿಕ್ ಸರ್ಜರಿ ಮಾಡಿದವರು ನೂರಾರು ಕಿಲೋಮೀಟರ್ ದೂರ. ರಾತ್ರಿ ಹನ್ನೊಂದಕ್ಕೆ ಎದೆ ಊದಿಕೊಂಡರೆ ಯಾರು ನೋಡ್ತಾರೆ? ಇಲ್ಲಿನ ಡಾಕ್ಟರ್‌ಗೆ ಒಳಗೆ ಏನಿದೆ ಅಂತ ಗೊತ್ತಿಲ್ಲ, ಮನೆಯವರಿಗೆ ಆಪರೇಷನ್ ಆಗಿದ್ದೇ ಗೊತ್ತಿಲ್ಲ.

ಚೇತನಾ ರಾಜ್ ನೆನಪಿದ್ದಾಳಾ? "ಗೀತಾ", "ದೊರೆಸಾನಿ" ಸೀರಿಯಲ್‌ಗಳಲ್ಲಿ ಮಾಡಿದ್ದ ಹುಡುಗಿ. 2022ರ ಮೇ 16ರಂದು ಬೆಂಗಳೂರಿನಲ್ಲಿ ಕೊಬ್ಬು ತೆಗೆಸೋ ಸರ್ಜರಿಗೆ ಹೋದವಳು ವಾಪಸ್ ಬರಲಿಲ್ಲ. ವಯಸ್ಸು 21. ನನಗಿಂತ ಒಂದೇ ವರ್ಷ ದೊಡ್ಡವಳು. ಮನೆಯವರು ನಿರ್ಲಕ್ಷ್ಯದ ಆರೋಪ ಮಾಡಿದರು, ಪೊಲೀಸ್ ದೂರು ಆಯ್ತು. ತಂದೆತಾಯಿಗೆ ಹೇಳದೆ ಹೋಗಿದ್ದಳು ಅಂತ ಆಗ ಪತ್ರಿಕೆಗಳು ಬರೆದವು. ಆ ಸುದ್ದಿ ಕೆಳಗಿನ ಕಾಮೆಂಟ್ಸ್ ಏನಿದ್ವು ಗೊತ್ತಾ? "ಯಾಕೆ ಬೇಕಿತ್ತು", "ದೇವರು ಕೊಟ್ಟಿದ್ದು ಸಾಕಾಗಲಿಲ್ವಾ". ಅದಕ್ಕೂ ಮುಂಚೆ, 2015ರಲ್ಲಿ ತೆಲುಗು ನಟಿ ಆರತಿ ಅಗರ್ವಾಲ್ ಅಮೆರಿಕದಲ್ಲಿ ತೀರಿಕೊಂಡಾಗಲೂ, ಲೈಪೊಸಕ್ಷನ್ ಮಾಡಿಸಿಕೊಂಡಿದ್ದರು ಅಂತ ತಿಳಿದ ಮೇಲೆ ಇವೇ ಮಾತು.

ಅವಳ ದೇಹ ದಪ್ಪ ಅಂತ ಮೀಮ್ ಮಾಡೋರೂ ನಾವೇ, ಸಣ್ಣ ಮಾಡಿಸಿಕೊಳ್ಳೋಕೆ ಹೋದರೆ ಬೈಯೋರೂ ನಾವೇ. ಹೀಗಿದ್ದಾಗ ಯಾವ ಹುಡುಗಿ ಮನೆಯಲ್ಲಿ ಹೇಳಿ ಹೋಗ್ತಾಳೆ? ಗುಟ್ಟಾಗಿ ಹೋಗ್ತಾಳೆ. ಮೊದಲ ಸಲ ಗುಟ್ಟು. ಸರಿ ಬರದಿದ್ದರೆ ದೂರೋಕೂ ಬಾಯಿಲ್ಲ, ಆದ್ದರಿಂದ ಎರಡನೇ ಸಲವೂ ಗುಟ್ಟು. ಕ್ಲಿನಿಕ್‌ನವರ ವಾಟ್ಸಾಪ್ ನಂಬರ್ ಒಂದೇ ಅವಳ ಜೊತೆ ಈ ವಿಷಯ ಮಾತಾಡೋದು. ಅವರು ಹೇಳಿದ್ದೇ ಸರಿ ಅನ್ನಿಸದೆ ಇನ್ನೇನಾಗುತ್ತೆ?

ನಮ್ಮ ನಾಚಿಕೆಯೇ ಅವರ ಮಾರ್ಕೆಟಿಂಗ್ ಡಿಪಾರ್ಟ್‌ಮೆಂಟ್. ಸಂಬಳ ಇಲ್ಲದೆ ಕೆಲಸ ಮಾಡ್ತಿದೀವಿ.

10/10
"ಹಾಗಾದರೆ ಮಾಡಿಸಬಾರದು ಅಂತೀಯಾ?" ಅಂತ ಕೇಳ್ತೀರಿ. ಇಲ್ಲ. ತುಂಬಾ ಭಾರದ ಸ್ತನದಿಂದ ಬೆನ್ನು, ಭುಜ ನೋಯೋರು ಇದ್ದಾರೆ. ಎರಡು ಕಡೆ ಬಹಳ ವ್ಯತ್ಯಾಸ ಇದ್ದು ಹೈಸ್ಕೂಲಿಂದ ದುಪ್ಪಟ್ಟಾ ಬಿಡದೆ ಬೆಳೆದೋರು ಇದ್ದಾರೆ. ಪಕ್ಕದ ತಮಿಳುನಾಡು 2018ರಲ್ಲಿ ಚೆನ್ನೈನ ಸ್ಟಾನ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಇಂಥ ಸರ್ಜರಿ ಉಚಿತ ಮಾಡಿದಾಗ ಬಹಳ ಜನ ನಕ್ಕರು. ನನಗೆ ಅದರಲ್ಲಿ ಒಂದು ಒಳ್ಳೇದು ಕಾಣುತ್ತೆ. ಸರ್ಕಾರಿ ಆಸ್ಪತ್ರೆ ಅಂದರೆ ದಾಖಲೆ ಇರುತ್ತೆ, ಐಸಿಯು ಇರುತ್ತೆ, "ಈ ತಿಂಗಳ ಆಫರ್" ಇರಲ್ಲ.

ದೇಹ ಅವಳದು, ನಿರ್ಧಾರ ಅವಳದು. ಆದರೆ ನಿರ್ಧಾರ ಅನ್ನಬೇಕಾದರೆ ಎದುರಿಗೆ ಒಂದಕ್ಕಿಂತ ಹೆಚ್ಚು ದಾರಿ ಕಾಣಬೇಕು. ರಿವಿಷನ್ ಒಂದು ದಾರಿ. ಕಾಯೋದು ಒಂದು ದಾರಿ. ಇಂಪ್ಲಾಂಟ್ ತೆಗೆಸೋದು ಒಂದು ದಾರಿ, ವಿಕ್ಟೋರಿಯಾ ಬೆಕಮ್ ಥರದ ದೊಡ್ಡ ಸೆಲೆಬ್ರಿಟಿಗಳೇ ತೆಗೆಸಿದ್ದಾರೆ, ಸೋಲು ಅಂತ ಯಾರೂ ಅನ್ನಲಿಲ್ಲ. ಇದ್ದ ಹಾಗೇ ಇರಲಿ ಅಂತ ಬಿಡೋದೂ ಒಂದು ದಾರಿ. ಕ್ಲಿನಿಕ್ ತೋರಿಸೋದು ಸಾಮಾನ್ಯವಾಗಿ ಮೊದಲನೇದು ಮಾತ್ರ, ಯಾಕಂದರೆ ಬಿಲ್ ಆಗೋದು ಅದಕ್ಕೆ.

ಅಕ್ಕ ಎರಡನೇ ಸಾಲ ತಗೊಂಡಿಲ್ಲ. ಬೇರೊಬ್ಬ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿದಳು. ಸ್ತನ ಗಟ್ಟಿ ಆಗಿಲ್ಲ, ಸೋಂಕಿಲ್ಲ, ವರ್ಷ ತುಂಬಲಿ, ಕಲೆಗೆ ಈಗ ಇದು ಹಚ್ಚಿ ಅಂತ ಹೇಳಿ ಕಳಿಸಿದರು. ವರ್ಷ ಆದ ಮೇಲೆ ಅವಳು ಏನು ಮಾಡ್ತಾಳೋ ಅವಳಿಷ್ಟ. ಆಗಲೂ ಬೇಕು ಅನ್ನಿಸಿದರೆ ಮಾಡಿಸಲಿ, ನಾನೇ ಜೊತೆಗೆ ಹೋಗ್ತೀನಿ. ಅವಳ ಅವ್ವನಿಗೆ ಈಗ ವಿಷಯ ಗೊತ್ತು. ಎರಡು ದಿನ ಮಾತು ಬಿಟ್ಟಿದ್ದರಂತೆ. ಮೂರನೇ ದಿನ ಕಲೆಗೆ ಮುಲಾಮು ಹಚ್ಚಿದ್ದು ಅವರೇ.

ನಿಮ್ಮ ಹತ್ರ ಯಾರಾದರೂ ಇಂಥ ವಿಷಯ ಹೇಳಿದರೆ ಮೂರು ಕೆಲಸ ಮಾಡಿ. ನಗಬೇಡಿ. "ಯಾಕೆ ಮಾಡಿಸಿದೆ" ಅನ್ನಬೇಡಿ, ಅದು ಮುಗಿದ ಲೆಕ್ಕ. "ಈಗ ನೋವಿದೆಯಾ, ಕಾಗದ ಇದೆಯಾ, ಜೊತೆಗೆ ಬರಲಾ" ಅಂತ ಕೇಳಿ.

ಹುಡುಗರೇ, ಕ್ಲಾಸ್ ಗ್ರೂಪ್‌ನಲ್ಲಿ ಹುಡುಗಿಯರ ಎದೆ ಬಗ್ಗೆ ಸ್ಟಿಕ್ಕರ್ ಹಾಕ್ತೀರಲ್ಲ, ಅದನ್ನ ನೋಡಿ ಯಾವಳೋ ಒಬ್ಬಳು ಇವತ್ತು ರಾತ್ರಿ "ಇಎಂಐ" ಅಂತ ಸರ್ಚ್ ಮಾಡ್ತಿರ್ತಾಳೆ. ಒಮ್ಮೆ ಯೋಚನೆ ಮಾಡಿ.

8ನೇ ಭಾಗ ಸೇವ್ ಮಾಡಿ ಇಟ್ಕೊಳ್ಳಿ, ಬೇಕಾದವರಿಗೆ ಕಳಿಸಿ. ಕಾಮೆಂಟ್‌ನಲ್ಲಿ ಯಾರ ಹೆಸರೂ, ಯಾವ ಕ್ಲಿನಿಕ್ ಹೆಸರೂ ಬರೀಬೇಡಿ, ಡಿಲೀಟ್ ಮಾಡ್ತೀನಿ. ಏನಾದರೂ ಕೇಳೋದಿದ್ದರೆ ಮೆಸೇಜ್ ಮಾಡಿ, ಇಂಟರ್ನಲ್ಸ್ ಮುಗಿದ ಮೇಲೆ ಎಲ್ಲರಿಗೂ ಉತ್ತರ ಕೊಡ್ತೀನಿ.

#ಸಿಂಧನೂರು #ಲಿಂಗಸುಗೂರು #ಮಸ್ಕಿ #ನಮ್ಮದೇಹನಮ್ಮಲೆಕ್ಕ #ಬಿಕಾಂಹುಡುಗಿ